ಅತ್ತೆಯ ಕೈಯೊಳಗಿನ ಬಂಗಾರವೂ ನನ್ನ ಅರವತ್ತು ವೋಲ್ಟೂ

ನನ್ನ ಕೈಗೆ ಲೋಹದ ಯಾವ ವಸ್ತು ಸಿಕ್ಕರೂ ನಾನು ಅದನ್ನು ತಿಕ್ಕುತ್ತೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲಿರುವ ಫಜೀತಿಗೆಲ್ಲ ಮೂಲ ಇದೇ. ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಕಂಡವರ ಮಕ್ಕಳಿಗೆಲ್ಲ ಮದುವೆ ಕುದುರಿಸುವ ಚಟ, ನನಗೆ ತಿಕ್ಕುವ ಚಟ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದವನು ನಾನು. ಬಿಚ್ಚಿದ ಯಾವ ಭಾಗವನ್ನೂ ಎಮರಿ ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡದೆ ತಿರುಗಿ ಜೋಡಿಸಬಾರದು ಎಂದು ನಮ್ಮ ಮೊದಲ ಫೋರ್‌ಮನ್ ಕಲಿಸಿದ್ದರು. ಆ ಫೋರ್‌ಮನ್ ತೀರಿಹೋಗಿ ಎಷ್ಟೋ ಕಾಲವಾಯಿತು, ನಾನೂ ನಿವೃತ್ತನಾದೆ, ಆದರೆ ನನ್ನ ಕೈಗಳಿಗೆ ಮಾತ್ರ ನಿವೃತ್ತಿಯ ಪತ್ರ ಇನ್ನೂ ತಲುಪಿದಂತಿಲ್ಲ.

ಮನೆಯ ಚಿಲಕ, ಕಿಟಕಿಯ ಸರಳು, ಒಗ್ಗರಣೆ ಸೌಟು, ಸೈಕಲ್ಲಿನ ಗಂಟೆ, ನನ್ನ ಕೈಯಿಂದ ಏನೂ ತಪ್ಪಿಸಿಕೊಂಡಿಲ್ಲ. ನಮ್ಮ ಮದುವೆಯಲ್ಲಿ ನನ್ನ ಹೆಂಡತಿ ಗಿರಿಜಾಳಿಗೆ ಯಾರೋ ಒಂದು ತಾಮ್ರದ ಕೊಡ ಕೊಟ್ಟಿದ್ದರು, ಕೊಟ್ಟವರ ಹೆಸರು ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ಒಂದು ಭಾನುವಾರ ನಾನು ಅದನ್ನು ಹೊಳೆಯುವಂತೆ ಮಾಡಿದೆ, ಹೆಸರು ಹೋಯಿತು. ಅದನ್ನು ಕೊಟ್ಟದ್ದು ದೊಡ್ಡಪ್ಪನೋ ಸೋದರಮಾವನೋ ಎಂಬುದು ಅವಳ ತವರಿನಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಇಬ್ಬರೂ ತಮ್ಮದೇ ಎನ್ನುತ್ತಾರೆ, ಇಬ್ಬರ ಮನೆಯ ಮದುವೆಗೂ ನಾವು ಒಂದೊಂದು ಕೊಡ ಹೊತ್ತುಕೊಂಡು ಹೋಗಿದ್ದೇವೆ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಗಿರಿಜಾ ನನ್ನ ಕೈಗಳನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ.

ಈಗ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆ ನೀಲವ್ವ ಮುಂಡಗೋಡ ತಾಲೂಕಿನ ಮಳಗಿಯವರು. ವಯಸ್ಸು ಎಪ್ಪತ್ತು ದಾಟಿದೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲು, ನಾಲಗೆಯ ಮೇಲೆ ಊರಿನ ಅಷ್ಟೂ ವ್ಯವಹಾರ. ಎರಡು ವರ್ಷದ ಹಿಂದೆ ಹಿತ್ತಲಿನಲ್ಲಿ ಎಮ್ಮೆ ಹಗ್ಗ ಜಗ್ಗಿದ್ದಕ್ಕೆ ಬಿದ್ದು ಎಡಗೈ ಎಲುಬು ಮುರಿದುಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೈಯೊಳಗೆ ಒಂದು ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದರು. ಎಲುಬು ಚೆನ್ನಾಗಿ ಕೂಡಿತು. ಆದರೆ ರೊಟ್ಟಿ ಬಡಿಯುವಾಗ ಒಳಗೆ ಚುಚ್ಚುತ್ತದೆ ಎಂದು ಹಟ ಹಿಡಿದು ಒಂದೂವರೆ ವರ್ಷದ ಮೇಲೆ ಅದನ್ನು ತೆಗೆಸಿಯೇ ಬಿಟ್ಟರು. ಹೀಗೆ ತೆಗೆದದ್ದನ್ನು ತೊಳೆದು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೋಗಿಯ ಕೈಗೇ ಕೊಡುವ ರೂಢಿಯಿದೆ. ಅತ್ತೆಗೂ ಕೊಟ್ಟರು. ಬೆರಳಿಗಿಂತ ಸ್ವಲ್ಪ ಉದ್ದದ, ಆರು ತೂತುಗಳ ಪಟ್ಟಿ. ಬಣ್ಣ ಅಪ್ಪಟ ಬಂಗಾರದ್ದು.

ಆಸ್ಪತ್ರೆಯ ಚೀಟಿಯಲ್ಲಿ ಅದು ಟೈಟೇನಿಯಂ ಎಂದು ಬರೆದಿತ್ತು. ಅತ್ತೆ ಚೀಟಿ ನಂಬುವವರಲ್ಲ, ಕಣ್ಣು ನಂಬುವವರು. “ಇಷ್ಟ ರೊಕ್ಕಾ ತಗೊಂಡ ಮ್ಯಾಲ ತಗಡ ಹಾಕ್ತಾರೇನು? ಬಂಗಾರನ ಹಾಕ್ಯಾರ” ಎಂದು ತೀರ್ಮಾನಿಸಿದರು. ಪಟ್ಟಿಯ ಒಂದು ತೂತಿಗೆ ತಂತಿಯ ಸಣ್ಣ ಬಳೆ ಪೋಣಿಸಿ ಕೀಲಿಗೊಂಚಲಿಗೆ ತೂಗಿಬಿಟ್ಟರು. ಮಳಗಿಯ ಹೆಣ್ಣುಮಕ್ಕಳು ಸಾಲಾಗಿ ಬಂದು ನೋಡಿದರು. ಎದುರುಮನೆಯಾಕೆ ಅದನ್ನು ಕೈಯಲ್ಲಿ ಹಿಡಿದು, “ನಮ್ಮತ್ತಿಗೆ ಬರೇ ಕಬ್ಬಿಣದ ರಾಡ ಹಾಕಿ ಕಳಿಸ್ಯಾರ ನೋಡ್ರಿ” ಎಂದು ನಿಟ್ಟುಸಿರು ಬಿಟ್ಟಳಂತೆ. ಒಂದೂವರೆ ವರ್ಷ ಬಂಗಾರವನ್ನು ಕೈಯೊಳಗೆ ಇಟ್ಟುಕೊಂಡು ಎಮ್ಮೆ ಹಿಂಡಿದ ಹೆಂಗಸೆಂದು ಅತ್ತೆಗೆ ಊರಲ್ಲಿ ಹೊಸದೊಂದು ಘನತೆ ಬಂತು. ಇದರಿಂದ ಯಾರಿಗೂ ನಷ್ಟವಿರಲಿಲ್ಲ. ನಾನೂ ಸುಮ್ಮನಿದ್ದೆ.

ಕಳೆದ ಚಳಿಗಾಲದಲ್ಲಿ ಅತ್ತೆ ದಾಂಡೇಲಿಗೆ ನಮ್ಮ ಮನೆಗೆ ಬಂದಿದ್ದರು. ಒಂದು ದಿನ ಗಿರಿಜಾ ಅವರನ್ನು ಮೌಳಂಗಿಗೆ, ಹೊಳೆ ದಂಡೆಯ ಉದ್ಯಾನ ನೋಡಲು ಕರೆದುಕೊಂಡು ಹೊರಟಳು. ಹೊರಡುವ ಮುಂಚೆ ಅತ್ತೆ ಆ ಪಟ್ಟಿಯನ್ನು ಗೊಂಚಲಿನಿಂದ ಬಿಡಿಸಿ ನನ್ನ ಕೈಗಿಟ್ಟರು. “ಅಳಿಯಾರ, ಇದರ ತೂತಿನ್ಯಾಗ ಜಿಡ್ಡ ಕುಂತೈತಿ. ನಾವು ಬರೂದ್ರಾಗ ಚೂರು ತೊಳದ ಇಡ್ರಿ.” ತೊಳೆದಿಡಿ ಎಂದರು, ತಿಕ್ಕಿ ಎನ್ನಲಿಲ್ಲ. ಇದನ್ನು ನಾನು ಆಮೇಲೆ ಎಷ್ಟು ಸಲ ನೆನೆದುಕೊಂಡಿದ್ದೇನೋ. ಅವರು ರಿಕ್ಷಾ ಹತ್ತಿದ್ದೇ ತಡ, ನಾನು ಹಿತ್ತಲಿನ ವೈಸಿನ ಕಬ್ಬಿಣದ ದವಡೆಗೆ ಪಟ್ಟಿ ಬಿಗಿದು, ಮೊದಲು ದಪ್ಪ ಎಮರಿ, ಆಮೇಲೆ ನಯ ಎಮರಿ, ಕೊನೆಗೆ ಝೀರೋ ನಂಬರ್, ಹೀಗೆ ಶಾಸ್ತ್ರೋಕ್ತವಾಗಿ ಎರಡು ತಾಸು ತಿಕ್ಕಿದೆ. ಪಟ್ಟಿ ಕನ್ನಡಿಯಂತೆ ಬೆಳ್ಳಗಾಯಿತು. ಬಣ್ಣ ಹೋದದ್ದು ನನಗೆ ಕಾಣಲಿಲ್ಲವೆಂದಲ್ಲ. ಕಂಡಿತು, ಕೊಳೆ ಹೋಯಿತು ಎಂದುಕೊಂಡೆ. ಮೂವತ್ತು ವರ್ಷದಲ್ಲಿ ಕಾರ್ಖಾನೆಯ ಯಾವ ಯಂತ್ರವೂ ತನ್ನ ಬಣ್ಣ ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಿರಲಿಲ್ಲ.

ಮೌಳಂಗಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ನಾನು ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಅತ್ತೆಯ ಮುಂದೆ ಹಿಡಿದೆ. ಅತ್ತೆ ನೋಡಿದರು.

“ಇದ್ಯಾರದ್ರಿ?”

“ನಿಮ್ಮದ ಅತ್ತಿ. ಹೆಂಗ ಹೊಳಿತೈತಿ ನೋಡ್ರಿ.”

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹಲ್ಲಿನಲ್ಲಿ ಕಚ್ಚಿದರು, ತೂತುಗಳನ್ನು ಎಣಿಸಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: “ಮ್ಯಾಲಿನ ಬಂಗಾರ ಎಲ್ಲೆ ಹೋತ್ರಿ?”

“ಅದು ಬಂಗಾರ ಅಲ್ರಿ ಅತ್ತಿ, ಬರೇ ಬಣ್ಣ. ತಿಕ್ಕಿದೆ, ಹೋತು.”

“ತಿಕ್ಕಿದ್ರ ಕಾಗದಕ್ಕರ ಹತ್ತಿರಬೇಕಲ್ಲ. ಆ ಕಾಗದ ಕೊಡ್ರಿ.”

ಕೊಟ್ಟೆ. ಮೂರು ತುಂಡು ಎಮರಿ ಕಾಗದವನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬೆಳ್ಳಗಾದ ಪಟ್ಟಿಯನ್ನು ಮಾತ್ರ ನಮ್ಮ ಮನೆಯಲ್ಲೇ ಬಿಟ್ಟು ಮರುದಿನವೇ ಮಳಗಿಗೆ ಹೊರಟರು. ಇನ್ನೆರಡು ದಿನ ಇರಬೇಕಾಗಿತ್ತು, ಎಮ್ಮೆಯ ನೆನಪಾಯಿತು ಎಂದರು.

ಬಂಗಾರದ ಕೆಲಸ ಮಾಡುವ ಪತ್ತಾರರು ಅಂಗಡಿಯ ಕಸವನ್ನೂ ಸುಮ್ಮನೆ ಬಿಸಾಡುವುದಿಲ್ಲ. ಅದನ್ನು ಸುಟ್ಟು, ಬೂದಿ ತೊಳೆದು, ಅದರಲ್ಲಿ ಉದುರಿದ ಬಂಗಾರದ ಪುಡಿ ತೆಗೆಯುತ್ತಾರೆ. ಇದು ಅತ್ತೆಗೆ ಗೊತ್ತು. ಮಳಗಿಯ ಮೋನಪ್ಪ ಪತ್ತಾರನ ಮುಂದೆ ನನ್ನ ಎಮರಿ ಕಾಗದ ಬಿಚ್ಚಿಟ್ಟರು. ಆತ ಸುಟ್ಟ, ತೊಳೆದ, ನೋಡಿದ, “ಇದರಾಗ ಬಂಗಾರ ಇಲ್ಲವಾ ಯವ್ವಾ” ಎಂದ. ಪಾಪ, ಸತ್ಯವನ್ನೇ ಹೇಳಿದ. ಆದರೆ ಅತ್ತೆಯ ಲೆಕ್ಕದಲ್ಲಿ ಅದರ ಅರ್ಥ ಬೇರೆಯಾಯಿತು. ಪಟ್ಟಿಯ ಮೇಲೆ ಬಂಗಾರ ಇಲ್ಲ, ಕಾಗದದಲ್ಲೂ ಇಲ್ಲ, ಅಂದ ಮೇಲೆ ಉಳಿದದ್ದು ಎರಡು ತಾಸು ಒಬ್ಬನೇ ಮನೆಯಲ್ಲಿದ್ದ ಅಳಿಯ. ಈ ತರ್ಕದಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಮೊದಲ ಮಾತನ್ನು ಒಪ್ಪಿಕೊಂಡರೆ ಮುಂದಿನದರಲ್ಲಿ ಎಲ್ಲೂ ಸಂದಿಲ್ಲ.

ಅತ್ತೆ ಯಾರ ಮುಂದೆಯೂ ನನ್ನನ್ನು ಕಳ್ಳ ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗಿರಿಜಾಳ ತಮ್ಮ ಮಲ್ಲೇಶಿ ಫೋನು ಮಾಡಿದಾಗ ಹೇಳಿದ: ಯಾರಾದರೂ ಪಟ್ಟಿಯ ಬಂಗಾರದ ಬಗ್ಗೆ ಕೇಳಿದರೆ, “ಇರ್ಲಿ ಬಿಡ್ರಿ, ಮಗಳ ಮನ್ಯಾಗನ ಉಳದೈತಲ್ಲ” ಎನ್ನುತ್ತಾರಂತೆ. ಇಪ್ಪತ್ತೆಂಟು ವರ್ಷ ನಾನು ಆ ಮನೆಯ ಒಳ್ಳೆಯ ಅಳಿಯ. ಕುಡಿಯುವುದಿಲ್ಲ, ವರದಕ್ಷಿಣೆ ಕೇಳಲಿಲ್ಲ, ಅವರ ಬೋರಿನ ಪಂಪು ಕೆಟ್ಟಾಗಲೆಲ್ಲ ಎರಡು ಬಸ್ಸು ಬದಲಿಸಿ ಹೋಗಿ ರಿಪೇರಿ ಮಾಡಿದ್ದೇನೆ. ನನಗೆ ನಿಜವಾಗಿಯೂ ಬೇಸರವಾಯಿತು, ಊಟ ಸೇರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಒಂದು ಸಂಜೆ ಗಿರಿಜಾ ಅಕ್ಕಿ ಆರಿಸುತ್ತ, ತಲೆ ಎತ್ತದೆ, “ಖರೇನ ಏನೂ ಇರಲಿಲ್ಲಲ್ಲರೀ ಅದರ ಮ್ಯಾಲ?” ಎಂದು ಕೇಳಿದಾಗ. ಸುಮ್ಮನೆ ಕೇಳಿದೆ ಎಂದಳು. ಸುಮ್ಮನೆ ಕೇಳುವ ಪ್ರಶ್ನೆ ಅದಲ್ಲ. ಸಾಲದ್ದಕ್ಕೆ ಮಲ್ಲೇಶಿ ಮಳಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಯುಗಾದಿ ಕಳೆದ ಮೇಲೆ ಮನೆ ಒಕ್ಕಲು, ಈಗ ಎಲ್ಲರೂ ಅನ್ನುವಂತೆ ಮನಿ ಓಪನಿಂಗು. ಇಡೀ ಬಳಗ ಬರುತ್ತದೆ, ಊಟಕ್ಕೆ ಮುಂಚೆ ಎಲ್ಲರೆದುರು ಹಿರಿಯ ಅಳಿಯನಿಗೆ ಮೊದಲ ಆಹೇರಿ ಆಗಬೇಕು, ಅಂದರೆ ಟೊಪ್ಪಿಗೆ ಟಾವೆಲ್ಲಿನ ಮರ್ಯಾದೆ. ಬಂಗಾರ ಕೆರೆದುಕೊಂಡ ಆಪಾದನೆ ಹೊತ್ತು ನಾನು ಆ ಮಣೆಯ ಮೇಲೆ ಹೇಗೆ ಕೂರಲಿ?

ನಮ್ಮ ಓಣಿಯ ತಿರುವಿನಲ್ಲಿ ರಫೀಕನ ಅಂಗಡಿಯಿದೆ. ಮೊಬೈಲು, ಇನ್‌ವರ್ಟರು, ಮಿಕ್ಸರು ಎಲ್ಲ ರಿಪೇರಿ ಮಾಡುತ್ತಾನೆ, ನನ್ನನ್ನು ಕಾಕಾ ಎನ್ನುತ್ತಾನೆ. ಒಂದು ದಿನ ಅವನ ಮುಂದೆ ನನ್ನ ಗೋಳು ತೋಡಿಕೊಂಡೆ. ಅವನು ಫೋನಿನಲ್ಲಿ ಏನೇನೋ ಓದಿ, ನೋಡಿ, ಕೊನೆಗೆ ತಲೆ ಎತ್ತಿದ. “ಕಾಕಾ, ಅದು ಬಣ್ಣಾನೂ ಅಲ್ಲ, ಬಂಗಾರದ ನೀರೂ ಅಲ್ಲ. ಟೈಟೇನಿಯಂ ಮ್ಯಾಲ ಕರೆಂಟ್ ಕೊಟ್ಟು ತೆಳ್ಳನ ಚರ್ಮಾ ಬೆಳಸ್ತಾರ. ಬಸ್ ಸ್ಟ್ಯಾಂಡಿನ್ಯಾಗ ನೀರಿನ ಮ್ಯಾಲ ಡೀಸೆಲ್ ಬಿದ್ರ ಬಣ್ಣಾ ಬಣ್ಣಾ ಕಾಣತೈತಲ್ಲ, ಹಂಗ. ಎಷ್ಟ ವೋಲ್ಟ್ ಕೊಡ್ತೀರಿ, ಆ ಬಣ್ಣ.” ಹದಿನೈದರ ಹತ್ತಿರ ಕಂದು, ಮೂವತ್ತರ ಒಳಗೆ ನೇರಳೆ, ನೀಲಿ, ಐವತ್ತೈದು ಅರವತ್ತರ ನಡುವೆ ಬಂಗಾರ, ಅದನ್ನು ದಾಟಿದರೆ ಗುಲಾಬಿ, ನೂರರ ಆಸುಪಾಸು ಹಸಿರು. ಬೇಕಾದ ಸಾಮಾನು ಒಂದು ಗಾಜಿನ ಪಾತ್ರೆ, ನೀರು, ಅಡಿಗೆ ಸೋಡಾ, ಒಂದು ಸ್ಟೀಲ್ ಚಮಚ, ಎರಡು ವೈರು, ಮತ್ತೆ ವೋಲ್ಟು ಏರಿಸಿ ಇಳಿಸಬಲ್ಲ ಒಂದು ಡಿಸಿ ಪವರ್ ಸಪ್ಲೈ. ಪಟ್ಟಿಗೆ ಪ್ಲಸ್ಸು, ಚಮಚಕ್ಕೆ ಮೈನಸ್ಸು, ಅಷ್ಟೇ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ದೊಡ್ಡ ಉಸಿರು ಬಿಟ್ಟೆ. ನನ್ನ ಮಾನ ಎರಡು ವೈರಿನ ದೂರದಲ್ಲಿತ್ತು.

ಪವರ್ ಸಪ್ಲೈ ಯಾವುದು ತರಬೇಕು ಎಂಬುದೊಂದೇ ಉಳಿದ ಪ್ರಶ್ನೆ. ರಫೀಕನ ಮೇಜಿನ ಮೇಲೆ ಒಂದಿತ್ತು, ಮೊಬೈಲ್ ರಿಪೇರಿಯವರೆಲ್ಲ ಇಟ್ಟುಕೊಳ್ಳುವಂಥದ್ದು. ಅದು ಮೂವತ್ತು ವೋಲ್ಟಿಗೆ ನಿಲ್ಲುತ್ತದೆ, ನಮ್ಮ ಬಂಗಾರಕ್ಕೆ ಸಾಲುವುದಿಲ್ಲ ಎಂದ. ಗೋಡೆಯ ಪ್ಲಗ್ಗಿನಿಂದಲೇ ನೇರ ಎಳೆದುಕೊಂಡರೆ ಹೇಗೆ ಎಂದು ಕೇಳಿದೆ. “ಕಾಕಾ, ಬಂಗಾರ ಬರೂಕಿಂತ ಮೊದಲ ನೀವ ಹೋಗ್ತೀರಿ” ಎಂದು ಕೈಮುಗಿದ. ಹೊರಡುವಾಗ, “ವೋಲ್ಟ್ ನೋಡಿ ತಗೋರಿ, ಅರವತ್ತಕ್ಕ ಕಡಿಮಿ ಇರಬಾರದು” ಎಂದು ಎರಡೆರಡು ಸಲ ಹೇಳಿದ. ನಾನು ತಲೆಯಾಡಿಸಿ ಹಳಿಯಾಳದ ಮೇಲೆ ಹುಬ್ಬಳ್ಳಿಯ ಬಸ್ಸು ಹಿಡಿದೆ. ಮೂವತ್ತು ವರ್ಷ ಯಂತ್ರಗಳ ನಡುವೆ ಇದ್ದವನಿಗೆ ಮೊಬೈಲು ರಿಪೇರಿಯವನು ಯಂತ್ರ ಆರಿಸುವುದನ್ನು ಹೇಳಿಕೊಡುತ್ತಾನಲ್ಲ ಎಂಬ ಸಣ್ಣ ಸೊಕ್ಕೂ ನನ್ನ ಜೊತೆ ಬಸ್ಸು ಹತ್ತಿತ್ತು.

ಹುಬ್ಬಳ್ಳಿಯ ಅಂಗಡಿಯವನು, “ಯಾವ ಕೆಲಸಕ್ಕ ಬೇಕ್ರಿ?” ಎಂದು ಕೇಳಿದ. “ನಮ್ಮ ಅತ್ತಿಯವರ ಸಲುವಾಗಿ” ಎಂದೆ. ಆತ ಅರ್ಧ ಹೆಜ್ಜೆ ಹಿಂದೆ ಸರಿದು ನನ್ನನ್ನು ಸರಿಯಾಗಿ ನೋಡಿದ. ವಿವರಿಸುವುದು ಉದ್ದವಾಗುತ್ತದೆಂದು ನಾನು ಮಾಲು ತೋರಿಸಿ ಎಂದೆ. ಆತ ಕೌಂಟರಿನ ಮೇಲೆ ಮೂರು ಪೆಟ್ಟಿಗೆ ಇಟ್ಟ. ಒಂದು ನೂರಿಪ್ಪತ್ತು ವೋಲ್ಟಿನದು. ಅದರ ಬೆಲೆ ಕೇಳಿ ಅದರ ಮೇಲಿದ್ದ ಕೈಯನ್ನು ನಾನು ಮೆಲ್ಲಗೆ ತೆಗೆದೆ. ಎರಡನೆಯದು ಅರವತ್ತು ವೋಲ್ಟು, ಮೂರು ಆಂಪಿಯರ್. ಮೂರನೆಯದು ಮೂವತ್ತು ವೋಲ್ಟು, ಹತ್ತು ಆಂಪಿಯರ್, ಬೆಲೆಯೂ ಕಡಿಮೆ. ಇಲ್ಲಿ ನನ್ನೊಳಗಿನ ಫಿಟ್ಟರ್ ಎದ್ದು ಕೂತ. ಫಿಟ್ಟರ್ ಯಾವ ಯಂತ್ರವನ್ನೂ ಮೊದಲು ಎತ್ತಿ ನೋಡುತ್ತಾನೆ. ವೈಸು, ಮೋಟರು, ಪಂಪು, ಭಾರ ಇದ್ದದ್ದೇ ಬಾಳುತ್ತದೆ. ಎರಡನೆಯದನ್ನು ಎತ್ತಿದೆ, ಊಟದ ಡಬ್ಬಿಯಷ್ಟು ಹಗುರ. ಮೂರನೆಯದನ್ನು ಎತ್ತಿದೆ, ತೋಳು ಜಗ್ಗಿತು. ಮನಸ್ಸಿಗೆ ಹಿಡಿಸಿತು. ರಫೀಕನ ಮಾತು ನೆನಪಿಗೆ ಬರಲಿಲ್ಲವೆಂದು ಸುಳ್ಳು ಹೇಳಲಾರೆ. ಬಂತು. ಆಗ ನಾನು ಅಲ್ಲೇ ನಿಂತು ಗುಣಾಕಾರ ಮಾಡಿದೆ. ಅರವತ್ತು ಮೂರಲೆ ನೂರ ಎಂಬತ್ತು. ಮೂವತ್ತು ಹತ್ತಲೆ ಮುನ್ನೂರು. ನೂರ ಎಂಬತ್ತಕ್ಕಿಂತ ಮುನ್ನೂರು ದೊಡ್ಡದೆಂದು ಯಾವ ಶಾಲೆಯಲ್ಲಾದರೂ ಹೇಳುತ್ತಾರೆ. ಅಂಗಡಿಯವನೂ, “ಹತ್ತು ಆಂಪಿಯರ್ ಅಂದ್ರ ಜಬರದಸ್ತ ಐಟಂ ರೀ” ಎಂದು ನನ್ನ ಜಾಣತನಕ್ಕೆ ತುಪ್ಪ ಹಾಕಿದ. ಕಡಿಮೆ ಬೆಲೆಗೆ ಹೆಚ್ಚು ಭಾರ ಹೊತ್ತುಕೊಂಡು ನಾನು ಗೆದ್ದವನಂತೆ ಊರಿಗೆ ಬಂದೆ.

ರಫೀಕನಿಗೆ ತೋರಿಸದೆ ಮೊದಲು ನಾನೇ ಮಾಡಿ ಬೆರಗುಗೊಳಿಸೋಣವೆಂದು ಅಡಿಗೆಮನೆಯ ಕಟ್ಟೆಯ ಮೇಲೆ ಎಲ್ಲ ಹೂಡಿದೆ. ಗಿರಿಜಾ ಸೋಡಾ ಡಬ್ಬಿ ಕೊಟ್ಟು ಬಾಗಿಲಲ್ಲಿ ನಿಂತಳು. ಪಟ್ಟಿಯನ್ನು ಕ್ಲಿಪ್ಪಿಗೆ ಕಚ್ಚಿಸಿ ನೀರಲ್ಲಿ ಇಳಿಬಿಟ್ಟು ಗುಂಡಿ ತಿರುಗಿಸಿದೆ. ಹದಿನೈದಕ್ಕೆ ಪಟ್ಟಿ ಚಹಾದ ಬಣ್ಣಕ್ಕೆ ತಿರುಗಿತು. ನನ್ನ ಎದೆ ಹಿಗ್ಗಿತು. ಗಿರಿಜಾ ಬಗ್ಗಿ ನೋಡಿ, “ಇದು ಹಳೇ ಹಿತ್ತಾಳಿ ಕಂಡಂಗ ಕಾಣತೈತಿ, ಅವ್ವನ್ದು ಹಳದಿ ಇತ್ತು” ಎಂದಳು. ಹೌದು, ಇನ್ನೂ ಮೇಲೆ ಹೋಗಬೇಕು. ಏರಿಸಿದೆ. ನೇರಳೆ ಹಣ್ಣಿನ ಬಣ್ಣ ಬಂತು. ಇನ್ನೂ ಏರಿಸಿದೆ, ನವಿಲಿನ ಕೊರಳಿನಂಥ ನೀಲಿ ಬಂತು. ಗುಂಡಿ ಅಲ್ಲಿಗೆ ನಿಂತಿತು. ಬಲ ಹಾಕಿ ತಿರುಗಿಸಿದೆ, ಮೂವತ್ತು ಮೂವತ್ತೇ. ನನ್ನ ಹತ್ತು ಆಂಪಿಯರ್ ಎಲ್ಲಿ ಹೋದವೆಂದು ನೋಡಿದರೆ ಆಂಪಿಯರಿನ ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿತ್ತು. ಕಾರ್ಖಾನೆಯಲ್ಲಿ ಮೇಲಿನ ಸಾಹೇಬರೊಬ್ಬರು ಹೀಗೆಯೇ ಇದ್ದರು, ಅಧಿಕಾರ ಬಹಳ ಇತ್ತು, ಆದರೆ ಅದನ್ನು ಬೇಡುವ ಕೆಲಸ ಯಾವುದೂ ಅವರ ಬಳಿ ಬರುತ್ತಿರಲಿಲ್ಲ.

ಪಟ್ಟಿಯನ್ನು ನೀರಿನಿಂದ ತೆಗೆದು ಗಿರಿಜಾಳ ಮುಂದೆ ಹಿಡಿದೆ. ಬಣ್ಣವೇನೋ ಬಹಳ ಚಂದ ಇತ್ತು. ಅವಳು ನೋಡಿ, “ಇದನ್ನ ಅವ್ವಗ ತೋರಿಸಬ್ಯಾಡ್ರಿ. ಬಂಗಾರ ತಗದು ವಿಷಾ ಹಚ್ಚ್ಯಾರ ಅಂತಾಳ” ಎಂದಳು.

ರಫೀಕ ಪೆಟ್ಟಿಗೆಯನ್ನೂ ನೀಲಿ ಪಟ್ಟಿಯನ್ನೂ ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. ಹೊರಗೆ ಕೈ ತೋರಿಸಿ, ನಮ್ಮ ಓಣಿಯ ನೀರಿನ ಟಾಕಿ ನೋಡಿ ಎಂದ. “ವೋಲ್ಟ್ ಅಂದ್ರ ಟಾಕಿ ಎಷ್ಟ ಎತ್ತರದಾಗ ಐತಿ ಅನ್ನೂದು. ಆಂಪಿಯರ್ ಅಂದ್ರ ಪೈಪ್ ಎಷ್ಟ ದಪ್ಪ ಐತಿ ಅನ್ನೂದು. ನಿಮಗ ನೀರು ಮ್ಯಾಲಿನ ಮನಿಗೆ ಏರಬೇಕು ಕಾಕಾ. ನೀವು ಟಾಕಿ ನೆಲದ ಮ್ಯಾಲ ಇಟ್ಟು, ದಪ್ಪ ಪೈಪ್ ತಂದೀರಿ.” ಬೆರಳಿನಷ್ಟು ಪಟ್ಟಿಗೆ ಅರ್ಧ ಆಂಪಿಯರ್ ಧಾರಾಳವಾಯಿತಂತೆ. ಕಾರ್ಖಾನೆಯಲ್ಲಿ ಇಡೀ ಜೀವಮಾನ ಪೈಪುಗಳನ್ನೇ ಜೋಡಿಸಿದವನಿಗೆ ಪೈಪಿನ ಉದಾಹರಣೆ ಕೊಟ್ಟು ಬುದ್ಧಿ ಹೇಳಿದ್ದು ನನಗೆ ಚೆನ್ನಾಗಿಯೇ ತಾಗಿತು. ಹುಬ್ಬಳ್ಳಿಯವನಿಗೆ ಫೋನು ಮಾಡಿದರೆ, ಬಳಸಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ. ಅತ್ತೆ ಹೇಗಿದ್ದಾರೆ ಎಂದೂ ಕೇಳಿದ, ದನಿಯಲ್ಲಿ ಸ್ವಲ್ಪ ಭಯವಿತ್ತು.

ಓದುಗರಲ್ಲಿ ಯಾರಿಗಾದರೂ ಮನೆಯಲ್ಲಿ ಟೈಟೇನಿಯಂಗೆ ಬಣ್ಣ ಬರಿಸುವ ಉಮೇದು ಇದ್ದರೆ, ನನ್ನಷ್ಟು ಅನುಭವಿ ಈ ನಾಲ್ಕು ತಾಲೂಕಿನಲ್ಲಿ ಸಿಗಲಾರ, ಆದ್ದರಿಂದ ಕೇಳಿಸಿಕೊಳ್ಳಿ. ಪೆಟ್ಟಿಗೆಯನ್ನು ಎತ್ತಿ ನೋಡಬೇಡಿ. ಗುಣಾಕಾರ ಮಾಡಬೇಡಿ. ನಿಮಗೆ ಬೇಕಾದ ಬಣ್ಣ ಯಾವ ವೋಲ್ಟಿನಲ್ಲಿದೆ ಎಂದು ಮೊದಲು ತಿಳಿದುಕೊಂಡು, ಅದಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗುವ ಪೆಟ್ಟಿಗೆಯನ್ನು, ಅದು ಎಷ್ಟೇ ಹಗುರ ಇರಲಿ, ತನ್ನಿ. ನೀಲಿಯೇ ಸಾಕೆನ್ನುವವರಿಗೆ ಮೂವತ್ತರದು ಅಗ್ಗದಲ್ಲಿ ಸಿಗುತ್ತದೆ. ಹಸಿರು ಬೇಕೆನ್ನುವವರು ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಹೊರಡಿ. ಮತ್ತೆ, ವೈರು ಮುಟ್ಟುವ ಮೊದಲು ರಬ್ಬರ್ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಅರವತ್ತು ವೋಲ್ಟು ಅತ್ತೆಯ ಹಾಗೆ, ಸುಮ್ಮನಿದ್ದರೂ ಸುಮ್ಮನಿರುವುದಿಲ್ಲ.

ಕೊನೆಗೆ ದಾರಿ ತೋರಿಸಿದವನು ರಫೀಕನೇ. ನನ್ನ ಮೂವತ್ತು ವೋಲ್ಟಿನ ಪೆಟ್ಟಿಗೆ, ಅವನ ಮೂವತ್ತು ವೋಲ್ಟಿನ ಪೆಟ್ಟಿಗೆ, ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿದರೆ ಅರವತ್ತು. ಒಂದು ಟಾಕಿಯ ಮೇಲೆ ಇನ್ನೊಂದು ಟಾಕಿ ಎಂದ. ಪಟ್ಟಿಯ ನೀಲಿಯನ್ನು ತೆಗೆಯಬೇಕಾಗಿತ್ತು. ಜೀವನದಲ್ಲಿ ಮೊದಲ ಸಲ ನಾನು ಎಮರಿ ಕಾಗದವನ್ನು ಹೆದರಿಕೊಂಡು ಹಿಡಿದೆ. ಶುಕ್ರವಾರ ಮಧ್ಯಾಹ್ನ, ಅವನು ನಮಾಜು ಮುಗಿಸಿ ಬಂದ ಮೇಲೆ, ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕೂತೆವು. ಗಿರಿಜಾಳೂ ಬಂದಳು, ಅವ್ವನ ಪಟ್ಟಿಯ ಹಳದಿ ಯಾವುದೆಂದು ಹೇಳಬಲ್ಲವಳು ಅವಳೊಬ್ಬಳೇ. ರಫೀಕ ಎಚ್ಚರಿಸಿದ: ಬಣ್ಣ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಗುಲಾಬಿಗೆ ದಾಟಿತೆಂದರೆ ಮತ್ತೆ ಮೊದಲಿನಿಂದ ತಿಕ್ಕಬೇಕು.

ಕಂದು ಬಂತು, ನೇರಳೆ ಬಂತು, ನೀಲಿ ಬಂತು. ನೀಲಿ ಮೆಲ್ಲಗೆ ಮಾಸಿ ಆಕಾಶದ ಬಣ್ಣವಾಯಿತು, ಅದೂ ಮಾಸಿ ಬೆಳ್ಳಿಯಂತಾಯಿತು. ನಲವತ್ತೈದು ದಾಟಿದ ಮೇಲೆ ಎಳೆ ಹಳದಿ ಕಾಣಿಸಿಕೊಂಡಿತು. ಐವತ್ತು. ಐವತ್ತೆರಡು. ನಾವು ಮೂವರೂ ಆ ಗಾಜಿನ ಪಾತ್ರೆಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದೆವು. ಐವತ್ತೇಳಕ್ಕೆ ಗಿರಿಜಾ ನನ್ನ ಭುಜ ಗಟ್ಟಿಯಾಗಿ ಹಿಡಿದು, “ನಿಲ್ಲಸ್ರಿ, ಇದ ಬಣ್ಣ” ಎಂದಳು. ರಫೀಕ ಸ್ವಿಚ್ಚು ಆರಿಸಿದ. ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದರೆ ಅತ್ತೆಯ ಬಂಗಾರ ಹಾಗೇ ತಿರುಗಿ ಬಂದಿತ್ತು. ಗಿರಿಜಾಳ ಕಣ್ಣು ತುಂಬಿದವು. “ನಾ ಅವತ್ತ ಹಂಗ ಕೇಳಬಾರದಿತ್ತರೀ” ಎಂದಳು. ಕ್ಲಿಪ್ಪು ಕಚ್ಚಿದ್ದ ತುದಿ ನೀರಿನ ಮೇಲಿದ್ದದ್ದರಿಂದ ಆ ಒಂದು ತೂತಿನ ಸುತ್ತ ಮಾತ್ರ ಬೆಳ್ಳಗೇ ಉಳಿದಿತ್ತು. ತಿರುಗಿಸಿ ಅದನ್ನೂ ಅದ್ದೋಣ ಎಂದು ರಫೀಕ ಅಂದ. ಕೈಗೆ ಬಂದ ಬಂಗಾರ ಗುಲಾಬಿಯಾದೀತೆಂಬ ಹೆದರಿಕೆಯಿಂದ ನಾನು ಪಟ್ಟಿಯನ್ನು ಕಸಿದುಕೊಂಡು ಜೇಬಿಗೆ ಹಾಕಿಕೊಂಡೆ.

ಮಳಗಿಯಲ್ಲಿ ಮನಿ ಓಪನಿಂಗು ಬಹಳ ಜೋರಾಗಿತ್ತು. ಪಡಸಾಲೆಯ ತುಂಬ ಬೀಗರು, ಹೊರಗಿನ ಪೆಂಡಾಲಿನಲ್ಲಿ ಹೋಳಿಗೆಯ ಪಂಕ್ತಿ. ಅತ್ತೆಯ ಪಾದ ಮುಟ್ಟಿ, ಎಲ್ಲರೆದುರು ಪಟ್ಟಿಯನ್ನು ಅವರ ಅಂಗೈಯಲ್ಲಿಟ್ಟೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಮೂರು ಸಲ ಅಭ್ಯಾಸ ಮಾಡಿಕೊಂಡಿದ್ದೆ: ಇದು ಬಂಗಾರವಲ್ಲ, ಮೊದಲೂ ಆಗಿರಲಿಲ್ಲ, ಇದೊಂದು ತೆಳು ಚರ್ಮ, ಸೋಡಾ ನೀರು, ಐವತ್ತೇಳು ವೋಲ್ಟು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದಾಗಿತ್ತು. ಅವರ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಬಳಗದ ಕಡೆಗೆ ತಿರುಗಿದರು.

“ನೋಡ್ರಿ ಎಲ್ಲಾರೂ. ಮನಶ್ಯಾನ ಕೈ ಯಾವಾಗರ ಒಮ್ಮೆ ತಪ್ಪತೈತಿ. ಆದ್ರ ನಮ್ಮ ಅಳಿಯಾರು ದೊಡ್ಡವರು. ತಗೊಂಡದ್ದನ್ನ ತಾವ ತಂದು ತಿರುಗಿ ಹಚ್ಚಿ ಕೊಟ್ಟಾರ.”

ಎಲ್ಲರೂ ಮೆಚ್ಚಿಗೆಯಿಂದ ತಲೆಯಾಡಿಸಿದರು. ಯಾರೋ ಹಿರಿಯರು, “ಇಂಥವರು ಎಷ್ಟ ಮಂದಿ ಸಿಗತಾರ ಈಗ” ಎಂದರು. ನಾನು ಸಹಾಯಕ್ಕಾಗಿ ಮೋನಪ್ಪ ಪತ್ತಾರನನ್ನು ಹುಡುಕಿದೆ, ಆ ಸಭೆಯಲ್ಲಿ ನಿಜ ಗೊತ್ತಿದ್ದ ಕಸಬುದಾರ ಅವನೊಬ್ಬನೇ. ಬಾಗಿಲ ಬಳಿಯೇ ಇದ್ದ. ನನ್ನ ಕಣ್ಣು ತಪ್ಪಿಸಿ, ಊಟಕ್ಕೆ ಕರೆದರೇನೋ ಎಂಬಂತೆ ಪೆಂಡಾಲಿನ ಕಡೆ ನೋಡಿದ. ಅಷ್ಟರಲ್ಲಿ ಅತ್ತೆಯ ಹೆಬ್ಬೆರಳು ಆ ಬಿಳಿಯ ತೂತಿನ ಮೇಲೆ ನಿಂತಿತು.

“ಇಷ್ಟ ಉಳಿಸ್ಕೊಂಡಾರ” ಎಂದರು ಪ್ರೀತಿಯಿಂದ. “ಇರಲಿ. ಕೈಕೆಲಸಕ್ಕ ಪತ್ತಾರರೂ ಅಷ್ಟ ಇಟ್ಕೋತಾರ, ನಮ್ಮ ಮೋನಪ್ಪನೂ ಇಟ್ಕೋತಾನ.”

ಮೋನಪ್ಪ ಪೆಂಡಾಲಿಗೆ ಹೋಗಿಯೇಬಿಟ್ಟ. ಮಲ್ಲೇಶಿ ನನ್ನನ್ನು ಮಣೆಯ ಮೇಲೆ ಕೂರಿಸಿ ಟೊಪ್ಪಿಗೆ ಇಟ್ಟ, ಹೆಗಲಿಗೆ ಟಾವೆಲ್ಲು ಹೊದಿಸಿದ, ಹೆಂಗಸರು ಆರತಿ ಎತ್ತಿದರು. ಈಗ ಬಾಯಿ ಬಿಟ್ಟು ಸತ್ಯ ಹೇಳಿದರೆ, ಬಂಗಾರ ಹಿಂದಿರುಗಿಸಿದ ಅಳಿಯ ಹೋಗಿ, ಅತ್ತೆಗೆ ಬಣ್ಣ ಬಳಿದ ತಗಡು ಕೊಟ್ಟು ಮೋಸ ಮಾಡಿದ ಅಳಿಯನಾಗುತ್ತೇನೆಂದು ನನಗೆ ಹೊಳೆಯಿತು. ಗಿರಿಜಾಳನ್ನು ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದಳು, ಬೆನ್ನು ಕುಲುಕುತ್ತಿತ್ತು. ನಾನು ಎದ್ದು ಮತ್ತೊಮ್ಮೆ ಅತ್ತೆಯ ಪಾದ ಮುಟ್ಟಿದೆ. “ಇನ್ನೊಮ್ಮೆ ಹಂಗ ಮಾಡೂದಿಲ್ರಿ ಅತ್ತಿ” ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ನನಗ ಗೊತ್ತೈತ್ರಿ” ಎಂದರು. ಆ ಕ್ಷಣ ನನ್ನ ಎದೆ ಎಷ್ಟು ಹಗುರವಾಯಿತೆಂದರೆ, ಹೋಳಿಗೆ ತಿನ್ನುತ್ತ ಕೂತಾಗ, ಆ ಎರಡು ತಾಸಿನಲ್ಲಿ ನಾನು ನಿಜವಾಗಿಯೂ ಏನನ್ನಾದರೂ ತೆಗೆದಿಟ್ಟುಕೊಂಡಿದ್ದೆನೇ ಎಂದು ಒಂದು ಸಲ ನೆನಪು ಮಾಡಿಕೊಂಡು ನೋಡಿದೆ.